ಹೂಂ ಕುಮಾರನ ಒಪ್ಪಿಗೆ

ಫೆಬ್ರವರಿ 9, 2025, ಭಾನುವಾರ

ನನ್ನ ಮದುವೆ ಬಿಡಿಸುವ ಪಂಚಾಯ್ತಿ ಇವತ್ತು ಕಲ್ಯಾಣದುರ್ಗದ ನಮ್ಮ ಮನೆಯಲ್ಲಿ ಅಚ್ಚುಕಟ್ಟಾಗಿ ನಡೆಯಿತು. ಹಿರಿಯರು ಎರಡು ಸುತ್ತು ಟೀ ಕುಡಿದರು, ಕರಿದ ಬೋಂಡಾ ಪೂರ್ತಿ ಖಾಲಿಯಾಯಿತು, ಟೊಮ್ಯಾಟೊ ರೇಟಿನ ಬಗ್ಗೆ ದೀರ್ಘವಾಗಿ ಚರ್ಚೆಯಾಯಿತು. ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಅದಕ್ಕೆ ಬೇಜಾರಿಲ್ಲ, ಮದುವೆ ಮಾಡುವಾಗಲೂ ಕೇಳಿರಲಿಲ್ಲ.

ನಮ್ಮದು ಕೊಟ್ಟು ತಂದ ಸಂಬಂಧ. ತೆಲುಗಿನಲ್ಲಿ ಕುಂಡಮಾರ್ಪಿಡಿ ಅನ್ನುತ್ತಾರೆ, ಮಡಕೆ ಕೊಟ್ಟು ಮಡಕೆ ತರೋದು. ಹಿಂದೂಪುರದ ಓಬಳಪ್ಪನವರ ಮಗ ಅರುಣ್ ಕುಮಾರನಿಗೆ ನನ್ನನ್ನು, ಅಂದರೆ ಶೋಭಾರಾಣಿಯನ್ನು, ಕೊಟ್ಟರು, ಅವನ ತಂಗಿ ರೇವತಿಯನ್ನು ನಮ್ಮ ಅಣ್ಣ ಜಯಚಂದ್ರನಿಗೆ ತಂದರು. ಒಂದೇ ಚಪ್ಪರ, ಒಂದೇ ಓಲಗ, ಒಂದೇ ಹಂಡೆಯ ಸಾರು. ಈ ಉಳಿತಾಯದ ಯೋಜನೆ ಹಾಕಿದ್ದು ಎರಡೂ ಕಡೆಗೆ ಬೇಕಾದ ಎರ್ರಪ್ಪ ಮಾವ. ಈಗ ಬಿಡಿಸುವ ಪಂಚಾಯ್ತಿಗೂ ಅವರೇ ಅಧ್ಯಕ್ಷರು.

ನಾನು ಹಿಂದೂಪುರ ಬಿಟ್ಟು ತವರಿಗೆ ಬಂದು ವರ್ಷ ದಾಟಿದೆ. ಆ ಕಡೆಯ ರೇವತಿ ಮಾತ್ರ ಇದೇ ಮನೆಯಲ್ಲಿ ಅಣ್ಣನ ಜೊತೆ ಸುಖವಾಗಿದ್ದಾಳೆ. ಎಷ್ಟು ಸುಖ ಅಂದರೆ ಅಣ್ಣ ಗೊಬ್ಬರದ ಅಂಗಡಿಯಿಂದ ಬರುವ ಹೊತ್ತಿಗೆ ಇವಳು ಬಾಗಿಲಲ್ಲಿ ನಿಂತಿರುತ್ತಾಳೆ. ನೋಡಿದವರಿಗೆ ನಾಚಿಕೆಯಾಗಬೇಕು, ಅಷ್ಟು.

ಓಬಳಪ್ಪನವರು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಶುರು ಮಾಡಿದರು. "ನಿಮ್ ಹುಡ್ಗಿ ನಮ್ಮನೇಲಿ ಬಾಳ್ಳಿಲ್ಲ. ಆಯ್ತು, ಬಿಡ್ತೀವಿ. ಅಂಗಾರೆ ನಮ್ ಹುಡ್ಗೀನ ನಮಗೆ ಕಳಿಸ್ಬುಡಿ. ಕೊಟ್ಟಿದ್ದೂ ವಾಪಸ್, ತಂದಿದ್ದೂ ವಾಪಸ್."

ಅಮ್ಮ ಗಾಬರಿಯಾಗಿ, "ಅವರಿಬ್ರೂ ಚೆನ್ನಾಗವ್ರಲ್ಲಣ್ಣಾ" ಅಂದಳು.

"ಚೆನ್ನಾಗಿರೋದು ಬ್ಯಾರೆ, ನ್ಯಾಯ ಬ್ಯಾರೆ ಕಣಮ್ಮ ಮುನೆಮ್ಮ."

ಎರ್ರಪ್ಪ ಮಾವ ಇನ್ನೊಂದು ಬೋಂಡಾ ಮುರಿಯುತ್ತಾ, "ಎರಡೂ ಒಟ್ಟಿಗೆ ಕಟ್ಟಿದ್ವು. ಬಿಡಿಸೋದೂ ಒಟ್ಟಿಗೇ ಬಿಡಿಸಿದ್ರೆ ವಕೀಲರ ಫೀಜಲ್ಲೂ ಒಂದಿಷ್ಟು ಬಿಡ್ರಿ ಅಂತ ಕೇಳ್ಬೋದು" ಅಂದರು. ನನಗೆ ನಗು ಬಂತು. ಮನೆ ಮುರಿದವಳು ನಗುತ್ತಾಳಲ್ಲ ಅಂತ ಎಲ್ಲರೂ ನನ್ನನ್ನೇ ನೋಡಿದರು.

ರೇವತಿ ಅಡುಗೆಮನೆ ಬಾಗಿಲಲ್ಲಿ ಜಾಲರಿ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಳು. ಆಮೇಲೆ ಹೋಗಿ ಬೋಂಡಾ ತಿರುವಿ ಹಾಕಿದಳು. ತನ್ನ ಮದುವೆ ಮುರಿಯುವ ಮಾತು ನಡೆಯುವಾಗ ಬೋಂಡಾ ಸೀಯಬಾರದು ಅನ್ನೋ ಜ್ಞಾನ ಇರುವ ಹೆಂಗಸು ಅವಳೊಬ್ಬಳೇ ಇರಬೇಕು. ತಲೆಯಲ್ಲಿ ಏನಾದರೂ ಇದೆಯೋ ಇಲ್ಲವೋ. ನಾನು ಅವಳನ್ನು ಅಣ್ಣನ ಹೆಂಡತಿ ಅಂತ ಅತ್ತಿಗೆ ಅನ್ನುತ್ತೇನೆ, ಅವಳು ನನ್ನನ್ನು ಅಣ್ಣನ ಹೆಂಡತಿ ಅಂತ ಅತ್ತಿಗೆ ಅನ್ನುತ್ತಾಳೆ. ಒಂದು ಮನೆಯಲ್ಲಿ ಇಬ್ಬರು ಅತ್ತಿಗೆಯರು, ನಾದಿನಿ ಒಬ್ಬಳೂ ಇಲ್ಲ.

ಇವನ್ನೆಲ್ಲ ಬರೆದು ದಿಂಬಿನ ಪಕ್ಕದಲ್ಲೇ ಇಡುತ್ತೇನೆ. ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಿದ್ದು ಮಾತ್ರ ತೆಲುಗು. ಸೆಟ್ಟೂರಿನ ಅಜ್ಜಿ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದವಳು ನಾನೊಬ್ಬಳೇ. ಯಾರನ್ನು ಬೇಕಾದರೂ ಬೈಯಬಹುದು.

ಫೆಬ್ರವರಿ 19, ಬುಧವಾರ

ಹಿಂದೂಪುರಕ್ಕೆ ಹೋಗಿ ವಕೀಲರನ್ನು ನೋಡಿ ಬಂದೆವು. ನನ್ನ ಯಜಮಾನರೂ ಬಂದಿದ್ದರು. ಯಜಮಾನರು ಅನ್ನೋದು ಬಾಯಿಮಾತು, ನಾನು ಮನಸ್ಸಿನಲ್ಲಿ ಇಟ್ಟ ಹೆಸರು ಹೂಂ ಕುಮಾರ.

ಇವನು ಕುಡುಕನಲ್ಲ. ಹೊಡೆಯುವವನಲ್ಲ. ಇನ್ನೊಬ್ಬಳ ಸಹವಾಸವಿಲ್ಲ. ಇವನ ಕಾಯಿಲೆ ಒಂದೇ, ಯಾರು ಏನು ಕೇಳಿದರೂ ಹೂಂ ಅನ್ನೋದು. ಕೊಡಿಕೊಂಡ ಚೆಕ್‌ಪೋಸ್ಟ್ ಹತ್ತಿರ ಮೊಬೈಲ್ ಕವರು, ಚಾರ್ಜರು ಮಾರುವ ಅಂಗಡಿ ಇಟ್ಟಿದ್ದಾನೆ. ಅಲ್ಲಿ ನಿಲ್ಲುವ ಲಾರಿ ಡ್ರೈವರುಗಳೆಲ್ಲ ಇವನ ಚಾರ್ಜರು ಹಾಕಿಕೊಂಡು ಮುಂದಿನ ಟ್ರಿಪ್ಪಿಗೆ ದುಡ್ಡು ಕೊಡುತ್ತೀವಿ ಅನ್ನುತ್ತಾರೆ. ಇವನು ಹೂಂ. ಬೇರೆ ಮನೆ ಮಾಡೋಣ ಅಂದರೆ ನನಗೆ ಹೂಂ, ಬೇರೆ ಹೋಗಬೇಡ ಅಂದರೆ ಅವರಮ್ಮನಿಗೆ ಹೂಂ. ಒಂದೇ ಸಂಜೆ ಸ್ಕೂಟಿಯನ್ನು ಮೂರು ಜನಕ್ಕೆ ಕೊಡುತ್ತೀನಿ ಅಂದವನು.

ಅದನ್ನೆಲ್ಲ ಸಹಿಸಬಹುದಿತ್ತು. ಹಿಂದೂಪುರದಲ್ಲಿ ನನಗೊಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಹೋಗಲಾ ಅಂತ ಕೇಳಿದೆ, ಹೂಂ ಅಂದ, ಹೊಸ ಚಪ್ಪಲಿ ಕೊಡಿಸಿದ. ಅವರಪ್ಪ ನಮ್ಮನೆ ಹೆಂಗಸರು ಯಾರದೋ ಉಚ್ಚೆ ರಕ್ತ ಮುಟ್ಟೋದು ಬ್ಯಾಡ ಅಂದರು, ಅವರಿಗೂ ಹೂಂ ಅಂದ. ಲ್ಯಾಬಿಗೆ ಫೋನ್ ಮಾಡಿ ಅವಳು ಬರಲ್ಲ ಅಂತ ಹೇಳಿದ. ಅದನ್ನು ನನಗೆ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಹೊಸ ಚಪ್ಪಲಿ ಹಾಕಿಕೊಂಡು ಹೋದೆ. ನನ್ನ ಕುರ್ಚಿಯಲ್ಲಿ ಬೇರೆ ಹುಡುಗಿ ಕೂತಿದ್ದಳು. ನೀವು ಯಾರು ಅಂತ ಅವಳು ಕೇಳಿದಳು. ಅಲ್ಲಿಂದ ನೇರ ಬಸ್‌ಸ್ಟಾಂಡಿಗೆ ಹೋಗಿ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಈಗ ಇಲ್ಲಿಯ ಲ್ಯಾಬಿನಲ್ಲಿ ದಿನವಿಡೀ ಯಾರ್‍ಯಾರದೋ ಉಚ್ಚೆ ರಕ್ತ ಮುಟ್ಟುತ್ತೇನೆ, ಏನೂ ಆಗಿಲ್ಲ.

ವಕೀಲರು ಬಿಡಿಸಿ ಹೇಳಿದರು. ಇಬ್ಬರೂ ಒಪ್ಪಿದರೆ ಒಟ್ಟಿಗೆ ಅರ್ಜಿ ಹಾಕಬಹುದು. ಜಡ್ಜ್ ಒಂದು ಸಲ ಕೇಳುತ್ತಾರೆ, ಆರು ತಿಂಗಳು ಬಿಟ್ಟು ಇನ್ನೊಂದು ಸಲ ಕೇಳುತ್ತಾರೆ. ಮಧ್ಯದಲ್ಲಿ ಇಬ್ಬರಲ್ಲಿ ಯಾರೇ ಮನಸ್ಸು ಬದಲಾಯಿಸಿದರೂ ಕೇಸು ಬಿದ್ದುಹೋಗುತ್ತದೆ. "ಒಪ್ಪಿಗೆ ಗಟ್ಟಿಯಾಗಿರಬೇಕು" ಅಂದರು. ಯಾರ ಒಪ್ಪಿಗೆ ನಂಬಿಕೊಂಡು ಹೊರಟಿದ್ದೇನೆ ಅಂತ ಅವರಿಗೇನು ಗೊತ್ತು.

ಜೀವನಾಂಶ ಬೇಡ ಅಂದೆ. ಅವನು ಹೂಂ. ಒಡವೆ ವಾಪಸ್ ಅಂದೆ. ಹೂಂ. ಬೀರು ವಾಪಸ್. ಹೂಂ. ಓಬಳಪ್ಪನವರು ರೇವತಿಯ ವಿಷಯವನ್ನೂ ಇದರಲ್ಲೇ ಬರೆಯಿರಿ ಅಂದರು. ವಕೀಲರು ಕನ್ನಡಕ ತೆಗೆದು, "ಆ ಹುಡುಗಿಗೆ ಗಂಡ ಬೇಡವಂತಾ?" ಅಂತ ಕೇಳಿದರು. "ಅವಳನ್ಯಾಕೆ ಕೇಳ್ತೀರಿ, ನಾನು ಇಲ್ವಾ" ಅಂದರು ಇವರು.

ಮಾರ್ಚ್ 3, ಸೋಮವಾರ

ನಮ್ಮಿಬ್ಬರದು ಮಾತ್ರ ಅರ್ಜಿ ಹಾಕಿದ್ದಾಯಿತು, ರೇವತಿಯದನ್ನು ವಕೀಲರು ಸೇರಿಸಲಿಲ್ಲ. "ಇದ್ದರಿಕೀ ಇಷ್ಟಮೇನಾ?" ಅಂತ ಜಡ್ಜ್ ಕೇಳಿದರು. ಇಬ್ಬರಿಗೂ ಇಷ್ಟವೇ ಅಂದೆವು. ಇಬ್ಬರಿಗೂ ಒಂದೇ ವಿಷಯ ಇಷ್ಟವಾದದ್ದು ಇದೇ ಮೊದಲು.

ಸಂಜೆ ಎರ್ರಪ್ಪ ಮಾವ ಫೋನ್ ಮಾಡಿ, "ನಿಮ್ಮ ಮಾವ ಹೇಳ್ದ ಕಣಮ್ಮ, ಎರಡನೇ ಸಲ ಕೇಳ್ದಾಗ ಹುಡ್ಗ ಒಲ್ಲೆ ಅಂತಾನಂತೆ. ಅಂಗಂತ ಅಪ್ಪನಿಗೆ ಮಾತು ಕೊಟ್ಟವ್ನಂತೆ" ಅಂದರು. ಗೊತ್ತಿತ್ತು. ಮಾತು ಕೊಡುವುದರಲ್ಲಿ ಹೂಂ ಕುಮಾರನ ಕೈ ಬಲು ಧಾರಾಳ.

ಮಾರ್ಚ್ 22, ಶನಿವಾರ

ರೇವತಿ ಲ್ಯಾಬಿಗೆ ಬಂದಳು. ಯಾಕೆ ಅಂದೆ. ಹೇಳದೆ ನಕ್ಕಳು. ಟೆಸ್ಟ್ ಮಾಡಿದೆ. ಬಸುರಿ.

ರಿಸಲ್ಟ್ ಹೇಳಿದಾಗ ಅವಳ ಕಣ್ಣಲ್ಲಿ ನೀರು. "ಅಪ್ಪನಿಗೆ ಈಗ್ಲೇ ಹೇಳಬ್ಯಾಡಿ ಅತ್ತಿಗೆ" ಅಂದಳು. ತಲೆಯಲ್ಲಿ ಏನೂ ಇಲ್ಲ ಅಂದುಕೊಂಡಿದ್ದೆ. ಇದೆ.

ಮೇ 6, ಮಂಗಳವಾರ

ಸೆಖೆ. ರೇವತಿಗೆ ರಕ್ತ ಕಮ್ಮಿ ಇದೆ. ನುಗ್ಗೆಸೊಪ್ಪು, ರಾಗಿ, ಕಡಲೆಬೀಜದ ಜೊತೆ ಬೆಲ್ಲ, ಎದುರಿಗೆ ಕೂತು ತಿನ್ನಿಸುತ್ತಿದ್ದೇನೆ. ಅಣ್ಣ ಐಸ್‌ಕ್ರೀಮ್ ತಂದುಕೊಟ್ಟು ಪ್ರೀತಿ ತೋರಿಸುತ್ತಾನೆ, ಗಂಡಸರಿಗೆ ಅಷ್ಟು ಸಾಕು.

ಜೂನ್ 15, ಭಾನುವಾರ

ನನ್ನ ಬೀರು ಹಿಂದೂಪುರದಿಂದ ಬಂತು. ಮದುವೆಯಲ್ಲಿ ಎರಡೂ ಕಡೆಯವರು ಒಂದೇ ಅಂಗಡಿಯಿಂದ, ಒಂದೇ ಬಣ್ಣದ ಎರಡು ಬೀರು ತಂದು ತಂತಮ್ಮ ಮಗಳಿಗೆ ಕೊಟ್ಟಿದ್ದರು. ರೇವತಿಯ ಬೀರು ಇಲ್ಲಿದೆ, ನನ್ನದು ಅಲ್ಲಿತ್ತು. ಅದನ್ನು ಅಲ್ಲೇ ಇಟ್ಟುಕೊಂಡು ಇದನ್ನು ಇಲ್ಲೇ ಬಿಟ್ಟಿದ್ದರೆ ಯಾರಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಆದರೆ ಓಬಳಪ್ಪನವರು ನ್ಯಾಯಸ್ಥರು, ಲಗೇಜ್ ಆಟೋ ಮಾಡಿ ಕಳಿಸಿದ್ದಾರೆ. ಬೀರು ಇಳಿಸಿದವನು ಎರಡನ್ನೂ ನೋಡಿ, "ಈ ಮನೆಗೆ ಇಬ್ರು ಸೊಸೇರಾ?" ಅಂತ ಕೇಳಿದ.

ಅಂದಹಾಗೆ ಬೀರಿನೊಳಗೆ ನನ್ನ ಸೀರೆಗಳನ್ನೆಲ್ಲ ಮಡಿಸಿ ಇಟ್ಟಿದ್ದರು. ಮಡಿಕೆ ಸೊಟ್ಟ. ಅತ್ತೆ ನರಸಕ್ಕ ಮಡಿಸಿದ್ದಲ್ಲ ಅದು. ಯಾರು ಮಡಿಸಿದ್ದು ಅಂತ ಗೊತ್ತಾಯಿತು, ಬಿಡಿಸಿ ಮತ್ತೆ ಮಡಿಸಿದೆ.

ಆಗಸ್ಟ್ 10, ಭಾನುವಾರ

ಇವತ್ತು ರೇವತಿಗೆ ಬಳೆ ತೊಡಿಸುವ ಶಾಸ್ತ್ರ. ಏಳನೇ ತಿಂಗಳು. ಶಾಸ್ತ್ರ ಮುಗಿಸಿ ಬಾಣಂತನಕ್ಕೆ ತವರಿಗೆ ಕರೆದುಕೊಂಡು ಹೋಗೋದು ಎಲ್ಲ ಕಡೆಯೂ ಇರುವ ಪದ್ಧತಿ. ಓಬಳಪ್ಪನವರು ಕಾರು ಮಾಡಿಕೊಂಡೇ ಬಂದಿದ್ದರು.

ಹೋದವಳು ಬರುತ್ತಾಳೋ ಇಲ್ಲವೋ ಅನ್ನೋದೇ ಪ್ರಶ್ನೆ. ಅವರ ಲೆಕ್ಕ ಅಣ್ಣನಿಗೂ ಅರ್ಥವಾಗಿದೆ. ಬಸುರಿ ಮಗಳು ಮನೆಗೆ ಬಂದರೆ ಅವಳು ಮಗಳೂ ಹೌದು, ಒತ್ತೆಯೂ ಹೌದು. ಮುಂದಿನ ತಿಂಗಳು ಕೋರ್ಟಿನಲ್ಲಿ ಎರಡನೇ ಸಲ ಕೇಳುತ್ತಾರೆ. ಅಣ್ಣ ಬಾಗಿಲಿಗೆ ಅಡ್ಡ ನಿಂತು, "ಕೋರ್ಟಲ್ಲಿ ಮುಗೀಲಿ, ಆಮ್ಯಾಲೆ ಕಳಿಸ್ತೀನಿ" ಅಂದ.

"ಕಳಿಸು, ಆಮ್ಯಾಲೆ ಕೋರ್ಟು" ಅಂದರು ಓಬಳಪ್ಪನವರು.

"ಅಲ್ಲಿ ಸೈನ್ ಆಗ್ಲಿ ಮಾವ."

"ಇಲ್ಲಿ ಕಾರು ಬಂದೈತಲ್ಲಪ್ಪ."

ಹೀಗೆ ಅರ್ಧ ಗಂಟೆ. ಅಮ್ಮ ಅಳುತ್ತಿದ್ದಳು. ಎರ್ರಪ್ಪ ಮಾವ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ನನ್ನ ಯಜಮಾನರು ಕಾರಿನ ಪಕ್ಕ ನಿಂತು ಅಣ್ಣ ಹೇಳಿದ್ದಕ್ಕೂ ತಲೆ ಆಡಿಸುತ್ತಿದ್ದರು, ಅವರಪ್ಪ ಹೇಳಿದ್ದಕ್ಕೂ ತಲೆ ಆಡಿಸುತ್ತಿದ್ದರು.

ನಾನು ಒಳಗೆ ಹೋದೆ. ರೇವತಿ ಎರಡೂ ಕೈ ತುಂಬ ಹಸಿರು ಬಳೆ ಹಾಕಿಕೊಂಡು ಮಂಚದ ಮೇಲೆ ಕೂತಿದ್ದಳು. "ನಿಮಗೆ ಏನು ಬೇಕು ಅತ್ತಿಗೆ?" ಅಂತ ಕೇಳಿದೆ. ಈ ಆರು ತಿಂಗಳಲ್ಲಿ ಅವಳನ್ನು ಈ ಪ್ರಶ್ನೆ ಕೇಳಿದವರು ಯಾರೂ ಇರಲಿಲ್ಲ, ನಾನೂ ಕೇಳಿರಲಿಲ್ಲ.

"ನಂಗೆ ನಮ್ಮಮ್ಮ ಬೇಕು" ಅಂದಳು. "ಭಯ ಆಯ್ತೈತೆ. ಅಮ್ಮನ ತಾವ ಹೋಯ್ತೀನಿ. ಹೆತ್ಕಂಡು ವಾಪಸ್ ಬತ್ತೀನಿ. ನೀವು ಗಂಡನ್ನ ಬಿಟ್ರಿ ಅಂತ ನಾನೂ ಬಿಡ್ಬೇಕಾ? ನಾನು ಇದೀನಿ ಅಂತ ನೀವೂ ಹೋಗಿ ಇರ್ಬೇಕಾ? ನಾವೇನು ಜೋಡಿ ಎತ್ತಾ ಅತ್ತಿಗೆ?"

ನಾನು ಮೊದಲು ಖಾಲಿ ಡಬ್ಬ ಅಂದುಕೊಂಡವಳು ಪಂಚಾಯ್ತಿಯಲ್ಲಿ ಕೂತ ಅಷ್ಟು ಜನರಿಗಿಂತ ಸರಿಯಾಗಿ ಮಾತಾಡಿದಳು. ಹೊರಗೆ ಬಂದು ಅಣ್ಣನಿಗೆ ದಾರಿ ಬಿಡು ಅಂದೆ. ಬಿಟ್ಟ. ಆದರೆ ನನ್ನ ಕಡೆ ನೋಡಿದ ನೋಟ ಚೆನ್ನಾಗಿರಲಿಲ್ಲ.

ಸೆಪ್ಟೆಂಬರ್ 8, ಸೋಮವಾರ

ಇವತ್ತಿನದನ್ನು ಬರೆಯದೇ ಮಲಗಿದರೆ ನಿದ್ದೆ ಬರುವುದಿಲ್ಲ.

ಜಡ್ಜ್ ಫೈಲು ನೋಡಿ ಹೂಂ ಕುಮಾರನನ್ನು ಕೇಳಿದರು, "ವಿಡಾಕುಲು ಕಾವಾಲಾ?" ಬೇಕಾ ವಿಚ್ಛೇದನ?

"ಕಾವಾಲಿ ಸಾರ್."

ನನಗೆ ಉಸಿರು ಬಂತು. ಜಡ್ಜ್ ಒಳ್ಳೆಯವರು, ಕರ್ತವ್ಯ ಅಂತ ಇನ್ನೊಂದು ಪ್ರಶ್ನೆ ಹಾಕಿದರು. ಮತ್ತೆ ಒಟ್ಟಿಗೆ ಬಾಳುವ ಆಸೆ ಇದೆಯಾ, ಯೋಚನೆ ಮಾಡಿದ್ದೀಯಾ ಅಂತ. ಹಿಂದಿನ ಬೆಂಚಿನಲ್ಲಿ ಅವರಪ್ಪ ಕೆಮ್ಮಿದರು.

"ಉಂದಿ ಸಾರ್" ಅಂದ. ಆಸೆಯೂ ಇದೆಯಂತೆ.

ಜಡ್ಜ್ ಪೆನ್ನು ಕೆಳಗಿಟ್ಟರು. "ರೆಂಡೂ ಎಲಾ ಬಾಬು?" ಅಂದರು, ಎರಡೂ ಹೇಗಪ್ಪಾ ಅಂತ. ಇವನು ಅದಕ್ಕೂ ಹೂಂ ಅಂದ. ಕೋರ್ಟಿನಲ್ಲಿದ್ದ ಪೊಲೀಸ್ ಪೇದೆ ನಗು ತಡೆಯಲಾರದೆ ಮುಖ ತಿರುಗಿಸಿದ. ಸರಿಯಾಗಿ ಮನಸ್ಸು ಮಾಡಿಕೊಂಡು ಬನ್ನಿ ಅಂತ ಜನವರಿಗೆ ಮುಂದಕ್ಕೆ ಹಾಕಿದರು.

ಹೊರಗೆ ಬಂದು ಬಾಯಿಗೆ ಬಂದಂತೆ ಬೈದೆ. ತಲೆ ತಗ್ಗಿಸಿ ನಿಂತಿದ್ದ. ಬೈದು ಮುಗಿದ ಮೇಲೆ, "ಬಿಸ್ಲು, ನೆಳ್ಳಿಗೆ ಬಾ" ಅಂದ. ಆ ಮಾತಿಗೆ ಇನ್ನೂ ಸಿಟ್ಟು ಬಂತು. ರೇವತಿ ಹೇಗಿದ್ದಾಳೆ ಅಂತ ಕೇಳಬೇಕು ಅಂದುಕೊಂಡು ಬಂದಿದ್ದೆ, ಅದೂ ಮರೆತುಹೋಯಿತು.

ನವೆಂಬರ್ 4, ಮಂಗಳವಾರ

ಹೆಣ್ಣು ಮಗು. ತಾಯಿ, ಮಗು ಚೆನ್ನಾಗಿದ್ದಾರೆ. ಫೋನ್ ಮಾಡಿ ಹೇಳಿದ್ದು ಅರುಣ್. "ನಿನ್ನಂಗೇ ಮೂಗು" ಅಂದ. ಮಗುವಿಗೆ ನಾನು ಸೋದರತ್ತೆ, ಅವನು ಸೋದರಮಾವ. ವಿಚ್ಛೇದನದ ಕಾನೂನು ಮಾಡಿದವರಿಗೆ ಕೊಟ್ಟು ತಂದ ಸಂಬಂಧದ ಬಗ್ಗೆ ಯಾರೂ ಹೇಳಿಲ್ಲ ಅಂತ ಕಾಣುತ್ತದೆ.

ಡಿಸೆಂಬರ್ 28, ಭಾನುವಾರ

ಅಂದುಕೊಂಡದ್ದೇ ಆಯಿತು. ಮಗುವನ್ನು ನೋಡಲು ಹೋದ ಅಣ್ಣನಿಗೆ ಓಬಳಪ್ಪನವರು ಹೇಳಿ ಕಳಿಸಿದ್ದಾರೆ. ಶೋಭಾರಾಣಿ ಕೇಸು ವಾಪಸ್ ತಗೊಂಡು ಹಿಂದೂಪುರಕ್ಕೆ ಬಂದ ದಿನ ರೇವತಿ, ಮಗು ಕಲ್ಯಾಣದುರ್ಗಕ್ಕೆ ಬರುತ್ತಾರೆ. ಇವಳು ಹೊಸಿಲು ದಾಟದೆ ಅವಳು ದಾಟುವುದಿಲ್ಲ.

ಅಣ್ಣ ಊಟ ಬಿಟ್ಟಿದ್ದಾನೆ. ಇವತ್ತು ನಾನು ತಟ್ಟೆ ಇಟ್ಟಾಗ ತಲೆ ಎತ್ತದೆ ಅಂದ, "ಅವ್ನೇನ್ ನಿಂಗೆ ಹೊಡೀತಿದ್ನಾ, ಬಡೀತಿದ್ನಾ? ಒಂದು ಕೆಲ್ಸದ ವಿಷ್ಯಕ್ಕೆ ಇಷ್ಟೊಂದಾ? ಹೋಗ್ಬುಡು ಶೋಭಾ. ನನ್ ಮಗೂನ ನಾನು ನೋಡ್ಬೇಕು."

ಅಮ್ಮ ನನ್ನ ಕಡೆ ನೋಡದೆ ಅವನ ತಟ್ಟೆಗೆ ಸಾರು ಬಡಿಸಿದಳು. ಅದೇ ಹೆಚ್ಚು ನೋವಾಯಿತು. ಚಿಕ್ಕಂದಿನಿಂದ ನನ್ನ ಪರ ನಿಂತವನು ಇವನೊಬ್ಬನೇ ಅಂದುಕೊಂಡಿದ್ದೆ. ನಿಂತಿದ್ದ, ಖರ್ಚಿಲ್ಲದೆ ಇರುವವರೆಗೆ.

ಆದರೆ ಅವನು ಕೇಳಿದ್ದರಲ್ಲಿ ತಪ್ಪೇನಿದೆ ಅಂತಲೂ ಅನ್ನಿಸುತ್ತದೆ. ಮಗು ಅಪ್ಪನ ಮುಖ ನೋಡದೆ ಬೆಳೆಯೋದು ನನ್ನಿಂದ. ರೇವತಿಗೆ ಫೋನ್ ಮಾಡಿದರೆ ಅವರಪ್ಪ ಎತ್ತುತ್ತಾರೆ.

ಜನವರಿ 3, 2026, ಶನಿವಾರ

ತೀರ್ಮಾನ ಮಾಡಿ ಬೆಳಿಗ್ಗೆಯೇ ಹೊರಟೆ. ಹಿಂದೂಪುರದ ಮನೆಗೆ ಹೋದರೆ ಅತ್ತೆ ಮಾವನ ಮುಂದೆ ಸೋತು ನಿಲ್ಲಬೇಕು, ಅದಕ್ಕೆ ನೇರ ಕೊಡಿಕೊಂಡಕ್ಕೆ ಹೋದೆ. ಡಾಬಾಕ್ಕೂ ಪಂಕ್ಚರ್ ಅಂಗಡಿಗೂ ಮಧ್ಯೆ ಅರುಣ್‌ನ ಅಂಗಡಿ. ಕವರುಗಳನ್ನು ಬಣ್ಣ ನೋಡಿ ನೇತು ಹಾಕಿದ್ದಾನೆ. ಮೊದಲು ಹೀಗೆ ಇರಲಿಲ್ಲ.

ನನ್ನನ್ನು ನೋಡಿ ಎದ್ದು ನಿಂತ. ಡಾಬಾದಿಂದ ಟೀ ತರಿಸಿದ. ಸ್ಟೂಲು ಒರೆಸಿದ. ನಾನು ಬಸ್ಸಿನಲ್ಲಿ ನೂರು ಸಲ ಹೇಳಿಕೊಂಡು ಬಂದಿದ್ದನ್ನು ಒಂದೇ ಉಸಿರಿಗೆ ಹೇಳಿದೆ. "ಕೇಸು ವಾಪಸ್ ತಗಳ್ಳಾನ. ನಾನು ಬತ್ತೀನಿ. ರೇವತೀನ, ಮಗೂನ ಕಳಿಸ್ಬುಡಿ."

ಹೂಂ ಅನ್ನುತ್ತಾನೆ ಅನ್ನೋದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹೂಂ ಅಂದ ಮೇಲೆ ಯಾವ ಬಸ್ಸಿಗೆ ಹೋಗಿ ಬಟ್ಟೆ ತರಬೇಕು ಅಂತಲೂ ಯೋಚಿಸಿದ್ದೆ. ಅವನು ಕೈ ಒರೆಸಿಕೊಂಡ. ರಸ್ತೆ ನೋಡಿದ.

"ಬ್ಯಾಡ" ಅಂದ.

ನಾನು ಸರಿಯಾಗಿ ಕೇಳಿಸಲಿಲ್ಲ ಅಂತ ಏನು ಅಂದೆ.

"ನೀನು ಬರೋದು ಬ್ಯಾಡ ಶೋಭಾ."

ಎಂಥ ಸಿಟ್ಟು ಬಂತು ಅಂದರೆ ಕೈಯಲ್ಲಿದ್ದ ಟೀ ಲೋಟ ಗಲ್ಲಾದ ಮೇಲೆ ಕುಕ್ಕಿದೆ. ಲಾರಿಯವರಿಗೆ ಹೂಂ, ಅಪ್ಪನಿಗೆ ಹೂಂ, ಜಡ್ಜ್ ಕೇಳಿದ ಎರಡು ಪ್ರಶ್ನೆಗೂ ಹೂಂ. ನಾನು ಮಾನ ಬಿಟ್ಟು ಬಂದು ಕೇಳಿದರೆ ಬೇಡವಂತೆ. ಹಾಗೇ ಕೇಳಿದೆ, "ಊರಿಗೆಲ್ಲ ಹೂಂ ಅಂತೀರಿ, ನನಗೊಬ್ಬಳಿಗೇನಾ ಬ್ಯಾಡ?"

"ನಿಂಗೂ ಹೂಂ ಅಂದೇ ಅಲ್ವಾ ಆ ಲ್ಯಾಬ್ ಬಾಗ್ಲಲ್ಲಿ ನಿಲ್ಸಿದ್ದು" ಅಂದ. "ಈಗ್ಲೂ ಹೂಂ ಅಂದ್ರೆ ನಮ್ಮಪ್ಪ ಗೆದ್ದೆ ಅಂತಾನೆ, ಭಾವ ಖುಷಿಯಾಗ್ತಾನೆ, ಊರೆಲ್ಲ ಚೆನ್ನಾಗಿರ್ತದೆ. ನೀನು ಅಡುಗೆಮನೇಲಿ ಒಬ್ಳೇ ಮುಸುಡಿ ಗಂಟಾಕ್ಕಂಡು ಕೂತಿರ್ತೀಯ. ಅದನ್ನ ದಿನಾ ನೋಡೋನು ನಾನು. ಆಗಕಿಲ್ಲ ನನ್ ಕೈಲಿ."

"ರೇವತಿ?"

"ನಾನು ಕರ್ಕಂಡ್ ಬತ್ತೀನಿ."

ಇವನು. ಅಪ್ಪನ ಮುಂದೆ ಕೆಮ್ಮುವುದಕ್ಕೂ ಅಪ್ಪಣೆ ಕೇಳುವವನು. ನಗಬೇಕು ಅನ್ನಿಸಿತು, ನಗು ಬರಲಿಲ್ಲ. ಅಷ್ಟರಲ್ಲಿ ಒಬ್ಬ ಡ್ರೈವರು ಬಂದು ಚಾರ್ಜರು ಕೇಳಿದ, ಮುಂದಿನ ವಾರ ದುಡ್ಡು ಅಂದ. ಅರುಣ್ ಹೂಂ ಅಂತ ಕೊಟ್ಟ. ನೋಡಿದೆಯಾ ಅಂದುಕೊಂಡೆ.

ವಾಪಸ್ ಬಸ್ಸಿನಲ್ಲಿ ಮಡಕಶಿರಾವರೆಗೂ ಅವನನ್ನು ಬೈದುಕೊಂಡೆ. ನಾನು ಬಿಟ್ಟವಳು. ಅವನು ಹೇಗೆ ನನ್ನನ್ನು ಬೇಡ ಅನ್ನಬಹುದು?

ಜನವರಿ 11, ಭಾನುವಾರ

ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಮನೆ ಮುಂದೆ ಕಾರು ನಿಂತಿತು. ಮುಂದಿನ ಸೀಟಿನಿಂದ ಅರುಣ್ ಇಳಿದ. ಹಿಂದಿನ ಬಾಗಿಲು ತೆಗೆದ. ರೇವತಿ, ಮಗು, ಬಾಣಂತಿ ಸಾಮಾನಿನ ಚೀಲ, ತೊಟ್ಟಿಲಿನ ಹಗ್ಗ.

ಅಣ್ಣ ಬರಿಗಾಲಲ್ಲಿ ಓಡಿದ. ಓಡಿದವನು ಮಗುವನ್ನು ಹೇಗೆ ಎತ್ತಿಕೊಳ್ಳಬೇಕು ಅಂತ ಗೊತ್ತಾಗದೆ ಚೀಲ ಎತ್ತಿಕೊಂಡ.

ನಡೆದದ್ದನ್ನು ರೇವತಿ ಆಮೇಲೆ ಹೇಳಿದಳು. "ಅಪ್ಪ ಬಾಗಲಿಗೆ ಅಡ್ಡ ನಿಂತ್ಕಂಡ ಅತ್ತಿಗೆ. ನನ್ನ ಹೆಣದ ಮ್ಯಾಲೆ ದಾಟಿ ಹೋಗ್ಲಾ ಅಂದ. ನಮ್ಮಣ್ಣ ಜಗಳ ಮಾಡ್ಲಿಲ್ಲ. ಮಗೂನ ತೊಡೆ ಮ್ಯಾಲೆ ಹಾಕ್ಕಂಡು ಅಪ್ಪನ ಕಾಲ ಹತ್ರಾನೇ ಕೂತ್ಕಂಡ. ಬೆಳಗಿನ ತಿಂಡಿ ತಿನ್ಲಿಲ್ಲ, ಏಳ್ಲಿಲ್ಲ. ಅಪ್ಪ ಬೈಯ್ತಾನೆ ಇದ್ದ. ಏನಂದ್ರೂ ಅಣ್ಣ 'ಇಲ್ಲಪ್ಪ, ಕರ್ಕಂಡ್ ಹೋಯ್ತೀನಿ' ಅಂತಾನೆ. ಕಾರಿನೋನು ವೇಟಿಂಗ್ ಜಾಸ್ತಿ ಆಯ್ತದೆ ಅಂದ. ಕೊನೀಗೆ ಅಮ್ಮಾನೇ ಬಂದು ಅಪ್ಪನ ಕೈ ಹಿಡ್ದು ಎಳ್ಕಂಡು ಒಳಕ್ಕೆ ಹೋದ್ಲು."

ಅಮ್ಮ ಅರುಣ್‌ಗೆ ಎಲೆ ಹಾಕಿ ಬಡಿಸಿದಳು. ಇನ್ನು ಒಂದು ವಾರ ಅಳಿಯನೇ ತಾನೆ ಅಂತ ತುಪ್ಪ ಜಾಸ್ತಿ ಹಾಕಿದಳು. ಮೂರನೇ ಸಲ ಅನ್ನ ತಂದಾಗ ಅವನು ಎಲೆ ಮೇಲೆ ಕೈ ಅಡ್ಡ ಹಿಡಿದು ಸಾಕಮ್ಮ ಅಂದ. ಹಿಂದೆ ಆಗಿದ್ದರೆ ತಿಂದು ರಾತ್ರಿಯೆಲ್ಲ ಹೊಟ್ಟೆ ನೋವು ಅಂತ ಒದ್ದಾಡುತ್ತಿದ್ದ, ನಾನು ಓಮಿನಕಾಳು ಕೊಡಬೇಕಿತ್ತು.

ಅಣ್ಣ ನನ್ನ ಹತ್ತಿರ ಬಂದು ಏನೋ ಹೇಳಲು ಹೊರಟ. ಮಗು ಅತ್ತಿತು, ಆ ಕಡೆ ಓಡಿದ. ಹೇಳದಿದ್ದದ್ದೇ ಒಳ್ಳೆಯದಾಯಿತು. ನಾನು ಇನ್ನೂ ಕ್ಷಮಿಸಿಲ್ಲ.

ಅರುಣ್ ಹೊರಡುವಾಗ ಬಾಗಿಲ ತನಕ ಹೋದೆ. ಹತ್ತೊಂಬತ್ತನೇ ತಾರೀಕು ಕೋರ್ಟು, ಏನು ಹೇಳುತ್ತೀರಿ ಅಂತ ಕೇಳಿದೆ. "ಸರಿಯಾಗಿ ಹೇಳ್ತೀನಿ, ಭಯ ಬೀಳ್ಬ್ಯಾಡ" ಅಂದ.

ಜನವರಿ 19, ಸೋಮವಾರ

ಜಡ್ಜ್‌ಗೆ ನಮ್ಮ ನೆನಪಿತ್ತು. ಅರುಣ್‌ನನ್ನು ನೋಡುತ್ತಲೇ ಪೆನ್ನಿನ ಕ್ಯಾಪ್ ತೆಗೆಯದೆ ಕೇಳಿದರು. ವಿಚ್ಛೇದನ ಬೇಕಾ?

"ಕಾವಾಲಿ ಸಾರ್."

ಮತ್ತೆ ಒಟ್ಟಿಗೆ ಇರುವ ಆಸೆ?

"ಲೇದು ಸಾರ್." ಇಲ್ಲ ಅಂದ. ಹಿಂದೆ ಯಾರೂ ಕೆಮ್ಮಲಿಲ್ಲ. ಅವರಪ್ಪ ಬಂದಿರಲಿಲ್ಲ. ಯಾರ ಬಲವಂತವಾದರೂ ಇದೆಯಾ ಅಂತ ಜಡ್ಜ್ ಕೇಳಿದರು. ಇಲ್ಲ ಸಾರ್, ನನ್ನ ಮನಸ್ಸಿನಿಂದಲೇ ಹೇಳುತ್ತಿದ್ದೇನೆ ಅಂದ. ಧ್ವನಿ ಗಟ್ಟಿಯಾಗಿತ್ತು. ನನ್ನ ಕಡೆ ನೋಡಲಿಲ್ಲ.

ಆಮೇಲೆ ನನ್ನನ್ನು ಕೇಳಿದರು. "ಮೀರೇಮಂಟಾರಮ್ಮಾ?" ನೀವೇನಂತೀರಮ್ಮಾ ಅಂತ.

ಉತ್ತರ ನನ್ನ ಬಾಯಲ್ಲಿ ಎರಡು ವರ್ಷದಿಂದ ರೆಡಿ ಇತ್ತು. ಹೊರಗೆ ಬರಲಿಲ್ಲ. ಇಷ್ಟು ಗಟ್ಟಿಯಾಗಿ ಮಾತಾಡಿದವನು ಯಾರು ಅಂತ ಅವನನ್ನೇ ನೋಡುತ್ತಾ ನಿಂತುಬಿಟ್ಟೆ. ಇಂಥವನ ಜೊತೆ ಬಾಳಬಹುದಿತ್ತು. ಇಂಥವನನ್ನು ನನಗೆ ಕೊಟ್ಟಿರಲಿಲ್ಲ, ಇವನು ಈ ತಿಂಗಳು ಹುಟ್ಟಿದವನು. ವಕೀಲರು ಹಿಂದಿನಿಂದ ಮೇಡಂ ಮೇಡಂ ಅಂದರು. ಜಡ್ಜ್ ಎರಡನೇ ಸಲ ಕೇಳಿದರು, ಸ್ವಲ್ಪ ಮೆತ್ತಗೆ. ಆಗ ಇಷ್ಟಮೇ ಸಾರ್ ಅಂದೆ.

ಮುಗಿಯಿತು. ಹೊರಗೆ ಎರ್ರಪ್ಪ ಮಾವ ಸಿಕ್ಕಿ, ಎರಡರಲ್ಲಿ ಒಂದಾದರೂ ಉಳಿಯಿತಲ್ಲ, ನನ್ನ ಹೆಸರು ಉಳಿಯಿತು ಅಂದರು. ಅರುಣ್ ಹತ್ತಿರ ಬಂದು ಬಸ್‌ಸ್ಟಾಂಡಿನವರೆಗೆ ಬಿಡಲಾ ಅಂತ ಕೇಳಿದ. ಬೇಡ ಅಂದೆ. ಇನ್ನೊಂದು ಸಲ ಕೇಳಿದ್ದರೆ ಸರಿ ಅನ್ನುತ್ತಿದ್ದೆ. ಅವನು ಕೇಳಲಿಲ್ಲ. ಹುಷಾರಾಗಿ ಹೋಗು ಅಂದು ಸ್ಕೂಟಿ ಹತ್ತಿದ.

ಬಸ್ಸಿನಲ್ಲಿ ಅಳು ಬಂತು. ಕಿಟಕಿ ಕಡೆ ಮುಖ ಮಾಡಿ ಕೂತರೂ ಕಂಬದೂರು ಬರುವ ಹೊತ್ತಿಗೆ ಸೆರಗು ಒದ್ದೆಯಾಗಿತ್ತು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಸುಮಾರು ಹೊತ್ತು ನೋಡಿ ಕೊನೆಗೆ ತಡೆಯಲಾರದೆ, "ಎವರು ಚನಿಪೋಯಾರಮ್ಮಾ?" ಅಂತ ಕೇಳಿದಳು. ಯಾರು ತೀರಿಕೊಂಡರು ಅಂತ.

"ನಮ್ಮ ಅತ್ತಿಗೆಯ ಅಣ್ಣ" ಅಂದೆ.

"ಅಯ್ಯೋ ಪಾಪಂ" ಅಂದಳು. ಒಳ್ಳೆಯವನಾ ಅಂತ ಕೇಳಿದಳು. ಒಳ್ಳೆಯವನು ಅಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಕಲ್ಯಾಣದುರ್ಗ ಬರುವವರೆಗೂ ಹಿಡಿದೇ ಇದ್ದಳು, ನಾನೂ ಬಿಡಿಸಿಕೊಳ್ಳಲಿಲ್ಲ.